ಹುಲ್ಲು ಕೊಯ್ಯುವ ಯಂತ್ರಕ್ಕೆ ಸಾಲ ಕೇಳುವ ಮುನ್ನ



ಈಚೆಗೆ ಸಂಘಕ್ಕೆ ಬರುವ ಸಾಲದ ಅರ್ಜಿಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸುವ ಸಿಕಲ್ ಬಾರ್ ಮೋವರಿನ ಹೆಸರು ಮತ್ತೆ ಮತ್ತೆ ಕಾಣುತ್ತಿದೆ. ಆಳು ಸಿಗದ ಕಾಲ, ಆಸೆ ಸಹಜವೇ. ಆದರೆ ಅರ್ಜಿದಾರರಲ್ಲಿ ಹೆಚ್ಚಿನವರು ಅದನ್ನು ಅಡಿಕೆ ತೋಟದೊಳಗೆ ಓಡಿಸುವ ಲೆಕ್ಕದಲ್ಲಿದ್ದಾರೆ. ಈ ಲೆಕ್ಕ ತಪ್ಪೆಂದು ನನ್ನ ಖಚಿತ ಅಭಿಪ್ರಾಯ.

9 ಅಡಿ ಅಂತರದ ಸಾಲಿನಲ್ಲಿ ಸಣ್ಣ ಟ್ರ್ಯಾಕ್ಟರು ಹೇಗೋ ನುಗ್ಗೀತು. ಅದರ ಪಕ್ಕಕ್ಕೆ ಚಾಚಿಕೊಳ್ಳುವ 5 ಅಡಿಯ ಪಟ್ಟಿಗೆ ಜಾಗವೆಲ್ಲಿ? ಬಿದ್ದ ಸೋಗೆ, ಹಾಳೆ, ನೀರಿನ ಪೈಪುಗಳೆಲ್ಲ ಅಲಗಿಗೆ ಸಿಕ್ಕಿಕೊಳ್ಳುತ್ತವೆ. ತೋಟದೊಳಗೆ ಹೆಗಲಿಗೆ ಹಾಕಿಕೊಳ್ಳುವ ವೀಡ್ ಕಟರ್ ಸಾಕು. ಕಾಫಿಯ ಇಳಿಜಾರಿನ ಮಾತಂತೂ ಬೇಡ.

ಈ ಯಂತ್ರ ಹುಲ್ಲನ್ನು ಪುಡಿ ಮಾಡದೆ ಕತ್ತರಿಯಂತೆ ಬುಡದಲ್ಲಿ ಕತ್ತರಿಸಿ ಉದ್ದಕ್ಕೆ ಮಲಗಿಸುತ್ತದೆ. ಆದ್ದರಿಂದ ಬ್ಯಾಣದ ಕರಡಕ್ಕೂ ಮೇವಿನ ಗದ್ದೆಗೂ ಹೇಳಿ ಮಾಡಿಸಿದ್ದು.

ನನಗೆ ನಾಲ್ಕು ಎಕರೆ ಬ್ಯಾಣವಿರುವುದರಿಂದ ನಾನೂ ಒಂದನ್ನು ಕೊಂಡೆ. ಒಂದು ಮಳೆಗಾಲ ಕೊಟ್ಟಿಗೆಯ ಸೂರಿನಡಿ ಹಾಗೇ ಬಿಟ್ಟೆ. ಅಡ್ಡ ಏನಾದರೂ ಬಡಿದರೆ ಪಟ್ಟಿ ಹಿಂದಕ್ಕೆ ಮಡಚಿಕೊಳ್ಳುವ ಕೊಕ್ಕೆಯೊಂದು ಅದರಲ್ಲಿತ್ತು. ತುಕ್ಕು ಹಿಡಿದು ಕದಲದಾಗಿದ್ದನ್ನು ನಾನು ನೋಡಿರಲಿಲ್ಲ. ಎರಡನೆಯ ಕೊಯ್ಲಿನಲ್ಲಿ ಹುಲ್ಲಿನೊಳಗೆ ಅಡಗಿದ್ದ ಮರದ ಬೊಡ್ಡೆಗೆ ಬಡಿದು ಎರಡು ಗಾರ್ಡು ಮುರಿದವು. ಮಾರಿದವರ ಬಳಿ ಬಿಡಿಭಾಗವಿರಲಿಲ್ಲ. ಅವು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ಕರಡ ಕಡ್ಡಿಯಾಗಿತ್ತು. ದನಗಳು ಮೂಸಿ ನೋಡಿ ಮುಖ ತಿರುಗಿಸಿದವು.

ಹಾಗಾಗಿ ಬೆಲೆ ಕೇಳುವ ಮೊದಲು ತ್ರಿಕೋನದ ಅಲಗು, ರಿವೆಟ್, ಗಾರ್ಡು ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ ಎಂದು ಕೇಳಿ. ಕೊಯ್ಲಿಗೆ ಮುನ್ನ ಬ್ಯಾಣವನ್ನೆಲ್ಲ ಒಮ್ಮೆ ನಡೆದು, ಕಲ್ಲು, ಬೊಡ್ಡೆ, ಹುತ್ತಗಳ ಬಳಿ ಗೂಟ ನೆಡಿ. ಅಲಗು ಮೊಂಡಾದರೆ ಹುಲ್ಲು ಕತ್ತರಿಸದೆ ಬಾಗಿ ಜಗಿದಂತಾಗುತ್ತದೆ, ಟ್ರ್ಯಾಕ್ಟರು ಮಾತ್ರ ಡೀಸೆಲ್ ಕುಡಿಯುತ್ತದೆ. ಓಡುವಾಗ ಹುಲ್ಲಿನ ಒತ್ತಡಕ್ಕೆ ಪಟ್ಟಿಯ ಹೊರತುದಿ ಹಿಂದಕ್ಕೆ ಬಾಗುವುದರಿಂದ, ನಿಂತಾಗ ಅದು ಒಳತುದಿಗಿಂತ ಕೊಂಚ ಮುಂದಿರಬೇಕು. ಪ್ರತಿ ಅಡಿಗೆ ಸುಮಾರು ಕಾಲು ಅಂಗುಲ. ಹುಲ್ಲು ಸಿಕ್ಕಿಕೊಂಡರೆ ಇಂಜಿನ್ ನಿಲ್ಲಿಸದೆ ಯಾರೂ ಇಳಿಯಕೂಡದು. ನಿಲ್ಲಿಸಿದ ಮೇಲೂ ಕೋಲಿನಿಂದ ತೆಗೆಯಿರಿ, ಕೈಯಿಂದ ಬೇಡ.

ನಮ್ಮ ಸದಸ್ಯರ ಬ್ಯಾಣಗಳಿಗೆ ಈ ಯಂತ್ರದ ಕೆಲಸ ವರ್ಷಕ್ಕೆ ಹೆಚ್ಚೆಂದರೆ ಎರಡು ವಾರ. ಉಳಿದ ದಿನ ತುಕ್ಕು ಮತ್ತು ಬಡ್ಡಿ. ಒಬ್ಬೊಬ್ಬರಿಗೂ ಸಾಲ ಕೊಡುವ ಬದಲು ಸಂಘವೇ ಒಂದನ್ನು ಕೊಂಡು ಬಾಡಿಗೆಗೆ ಕೊಡಲೆಂದು ನನ್ನ ಸಲಹೆ. ಹುಲ್ಲು ಎಲ್ಲರಿಗೂ ಒಂದೇ ಸಲ ಬಲಿಯುತ್ತದೆ, ಜಗಳವಾಗುತ್ತದೆ ಎಂದು ನಿರ್ದೇಶಕರೊಬ್ಬರು ಹೇಳಿದರು. ಮಾತು ನಿಜವೇ. ಚೀಟಿ ಎತ್ತಿ ಸರದಿ ನಿಗದಿ ಮಾಡೋಣ. ಬ್ಯಾಣವಿರುವವರು ಎಷ್ಟು ಎಕರೆ, ಟ್ರ್ಯಾಕ್ಟರು ಹೋಗುವ ದಾರಿ ಇದೆಯೇ ಎಂಬುದನ್ನು ಮಹಾಸಭೆಗೆ ಮುಂಚೆ ಕಚೇರಿಯ ಪುಸ್ತಕದಲ್ಲಿ ಬರೆಯಿಸಿ.

— ಕಾರ್ಯದರ್ಶಿ