ರಾಜಕೀಯ ವಿಡಂಬನೆಗೆ ನಗುವವರು ಯಾರು? ಮಾಧ್ಯಮ ಹಚ್ಚುವ ಲೇಬಲ್ ಒಂದು, ಸಮೀಕ್ಷೆ ಹೇಳುವುದು ಇನ್ನೊಂದು

ಹಾಸ್ಯ ಕಾರ್ಯಕ್ರಮಕ್ಕೆ ಆನ್‌ಲೈನ್‌ನಲ್ಲಿ ಟಿಕೆಟ್ ಬುಕ್ ಮಾಡುತ್ತೀರಿ. ಹೋಗಿ ಕುಳಿತು, ನಕ್ಕು, ಲೋಕಲ್ ಹಿಡಿದು ಮನೆಗೆ ಬರುತ್ತೀರಿ. ಕೆಲ ವಾರಗಳ ನಂತರ ಎಲ್ಲೋ ಪ್ರವಾಸದಲ್ಲಿದ್ದಾಗ ಪೊಲೀಸರಿಂದ ಬುಲಾವ್ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಹೀಗಾಯಿತು ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಅವರು ನೋಡಿದ್ದು ಮುಂಬೈನ ಖಾರ್‌ನಲ್ಲಿರುವ ಹ್ಯಾಬಿಟಾಟ್ ಸಭಾಂಗಣದಲ್ಲಿ ನಡೆದ ಕುನಾಲ್ ಕಾಮ್ರಾ ಶೋ. ರಜೆ ಮೊಟಕುಗೊಳಿಸಬೇಕಾಗಿ ಬಂದಿದ್ದಕ್ಕೆ ಕಾಮ್ರಾ ಆ ಪ್ರೇಕ್ಷಕರಲ್ಲಿ ಬಹಿರಂಗವಾಗಿಯೇ ಕ್ಷಮೆ ಕೇಳಿದರು.

ಆ ಶೋನ ವಿಡಿಯೋ, ಅದರಲ್ಲಿ ಏಕನಾಥ್ ಶಿಂದೆ ಕುರಿತಿದ್ದ ಅಣಕು ಹಾಡು, ಮಾರ್ಚ್ 23ರ ರಾತ್ರಿ ಸಭಾಂಗಣದಲ್ಲಿ ಶಿವಸೇನೆ ಕಾರ್ಯಕರ್ತರ ದಾಂಧಲೆ, ಮರುದಿನ ಮಹಾನಗರ ಪಾಲಿಕೆಯ ಸುತ್ತಿಗೆ: ಇವೆಲ್ಲ ನಿಮಗೆ ನೆನಪಿರುತ್ತವೆ. ನನಗೆ ಹೆಚ್ಚು ನೆನಪಿರುವುದು ಪ್ರೇಕ್ಷಕರ ಬಗ್ಗೆ ಆಗ ಕೇಳಿಬಂದ ಮಾತು. ಚರ್ಚೆಗೆ ಕುಳಿತವರ ಪ್ರಕಾರ ಅಲ್ಲಿ ನಕ್ಕವರು ಕೆಲಸವಿಲ್ಲದ ಹುಡುಗರು, ಇಲ್ಲವೇ ಇಂಗ್ಲಿಷ್ ಮಾತಾಡುವ ಎಲೀಟ್ ಮಂದಿ. ಈ ಎರಡೂ ಏಕಕಾಲಕ್ಕೆ ಹೇಗೆ ಸಾಧ್ಯ ಎಂದು ಯಾರೂ ಕೇಳಲಿಲ್ಲ. ನಾನೇನೂ ಸಾಚಾ ಅಲ್ಲ. ‘ಸುದ್ದಿ ಓದದ, ಮೀಮ್ ನೋಡಿ ರಾಜಕೀಯ ಕಲಿಯುವ ಯುವಪೀಳಿಗೆ’ ಎಂಬ ಸಾಲನ್ನು ಡೆಸ್ಕ್‌ನಲ್ಲಿ ಕುಳಿತು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ನನಗೂ ಇಪ್ಪತ್ತರ ಆಸುಪಾಸಿನ ವಯಸ್ಸೇ ಎಂಬುದು ಆಗ ಹೊಳೆದಿರಲಿಲ್ಲ.

ಅಮೆರಿಕದಲ್ಲಿ ಈ ಲೇಬಲ್‌ಗೆ ಹಳೆಯ ಇತಿಹಾಸವಿದೆ. 2004ರ ಅಧ್ಯಕ್ಷೀಯ ಚುನಾವಣೆಗೆ ಇನ್ನೆರಡು ತಿಂಗಳೂ ಇರಲಿಲ್ಲ. ‘ದಿ ಡೈಲಿ ಶೋ’ ನಡೆಸುತ್ತಿದ್ದ ಜಾನ್ ಸ್ಟೀವರ್ಟ್ ಅತಿಥಿಯಾಗಿ ಫಾಕ್ಸ್ ನ್ಯೂಸ್‌ಗೆ ಹೋದರು. ನಿರೂಪಕ ಬಿಲ್ ಒರೈಲಿ ಅವರ ಎದುರೇ ಆ ಶೋನ ವೀಕ್ಷಕರನ್ನು ನಶೆಯಲ್ಲಿ ಬಿದ್ದಿರುವ ಸೋಮಾರಿಗಳು ಎಂದು ಕರೆದರು. ಇಂಥವರು ಚುನಾವಣೆಯ ಮೇಲೆ ಪ್ರಭಾವ ಬೀರುತ್ತಾರಲ್ಲ ಎಂಬುದು ಅವರ ಆತಂಕ. ಮಾತು ಅರ್ಧ ತಮಾಷೆಯದ್ದೇ. ಆದರೆ ಅದು ಒಬ್ಬರ ಅಭಿಪ್ರಾಯವಷ್ಟೇ ಆಗಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಒಂದು ಸಮೀಕ್ಷೆ ಪ್ರಕಟಿಸಿತ್ತು. 30 ವರ್ಷದೊಳಗಿನವರಲ್ಲಿ ಶೇ 21ರಷ್ಟು ಮಂದಿ ತಾವು ಹಾಸ್ಯ ಕಾರ್ಯಕ್ರಮಗಳಿಂದ ನಿಯಮಿತವಾಗಿ ಚುನಾವಣಾ ಮಾಹಿತಿ ಪಡೆಯುತ್ತೇವೆ ಎಂದಿದ್ದರು. 2000ದಲ್ಲಿ ಅಂಥವರು ಶೇ 9 ಮಾತ್ರ. ಯುವಕರು ಸುದ್ದಿ ಬಿಟ್ಟು ಜೋಕಿನ ಹಿಂದೆ ಹೊರಟರು ಎಂದು ಮಾಧ್ಯಮಗಳು ಅದನ್ನು ಓದಿಕೊಂಡವು.

ಒರೈಲಿ ಆಡಿದ ಮಾತು ಇನ್ನೂ ಬಿಸಿಯಿರುವಾಗಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ಕೇಂದ್ರದ ಸಮೀಕ್ಷೆ ಹೊರಬಂತು. ಸುಮಾರು 19 ಸಾವಿರ ಮಂದಿಗೆ ಅಭ್ಯರ್ಥಿಗಳ ನಿಲುವುಗಳ ಬಗ್ಗೆ ಆರು ಪ್ರಶ್ನೆ ಕೇಳಲಾಗಿತ್ತು. ಡೈಲಿ ಶೋ ನೋಡುವವರು ಸರಾಸರಿ ಶೇ 60ರಷ್ಟಕ್ಕೆ ಸರಿ ಉತ್ತರ ಕೊಟ್ಟರು. ತಡರಾತ್ರಿಯ ಹಾಸ್ಯವನ್ನೇ ನೋಡದವರ ಸರಾಸರಿ ಶೇ 44ರ ಆಸುಪಾಸು. ಶಿಕ್ಷಣ, ವಯಸ್ಸು, ಪಕ್ಷ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. 2007ರಲ್ಲಿ ಪ್ಯೂ ನಡೆಸಿದ ಜ್ಞಾನ ಸಮೀಕ್ಷೆಯಲ್ಲಿ ಸ್ಟೀವರ್ಟ್ ಮತ್ತು ಸ್ಟೀಫನ್ ಕೋಲ್ಬರ್ಟ್ ವೀಕ್ಷಕರ ಪೈಕಿ ಶೇ 54ರಷ್ಟು ಮಂದಿ ಹೆಚ್ಚು ತಿಳಿವಳಿಕೆಯುಳ್ಳವರ ಗುಂಪಿನಲ್ಲಿದ್ದರು. ಪ್ರಮುಖ ಪತ್ರಿಕೆಗಳ ವೆಬ್‌ಸೈಟ್ ಓದುವವರಿಗೆ ಸರಿಸಮ. ನ್ಯಾಯವಾಗಿ ಹೇಳುವುದಾದರೆ, ಒರೈಲಿ ವೀಕ್ಷಕರೂ ಶೇ 51ರೊಂದಿಗೆ ಹೆಚ್ಚು ಹಿಂದೇನೂ ಇರಲಿಲ್ಲ!

ಹಾಗಾದರೆ ಜೋಕು ಕೇಳಿದರೆ ಜ್ಞಾನ ಬರುತ್ತದೆಯೇ? ಅಷ್ಟು ಸುಲಭವಲ್ಲ. ವಿಡಂಬನೆ ಅರ್ಥವಾಗಬೇಕಾದರೆ ಸುದ್ದಿ ಮೊದಲೇ ಗೊತ್ತಿರಬೇಕು. ಕಾಮ್ರಾ ಹಾಡನ್ನೇ ನೋಡಿ. ಅದರಲ್ಲಿ ಶಿಂದೆ ಹೆಸರೇ ಇಲ್ಲ. ಠಾಣೆ, ರಿಕ್ಷಾ, ಗುವಾಹಟಿ ಎಂಬ ಸುಳಿವುಗಳಷ್ಟೇ. 2022ರ ಜೂನ್‌ನಲ್ಲಿ ಶಿವಸೇನೆ ಶಾಸಕರು ಸೂರತ್‌ಗೆ ಹೋಗಿ, ಅಲ್ಲಿಂದ ಗುವಾಹಟಿಯ ಹೋಟೆಲ್ ಸೇರಿದ್ದು ನೆನಪಿಲ್ಲದವನಿಗೆ ಆ ಹಾಡಿನಲ್ಲಿ ನಗುವಂಥದ್ದೇನೂ ಇಲ್ಲ. ಶಿಂದೆ ಒಂದು ಕಾಲದಲ್ಲಿ ಆಟೋ ಓಡಿಸುತ್ತಿದ್ದರು ಎಂಬುದೂ ತಿಳಿದಿರಬೇಕು. (ಆ ಕಸುಬನ್ನು ಅಣಕಕ್ಕೆ ಎಳೆದದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ನನಗದು ಹಿಡಿಸಲಿಲ್ಲ.) ಮೂರು ವರ್ಷ ಹಿಂದಿನ ರಾಜಕೀಯವನ್ನು ಒಂದು ಪದದಿಂದ ನೆನಪಿಸಿಕೊಂಡು ನಗುವ ಹುಡುಗನನ್ನು ‘ಸುದ್ದಿ ಓದದವನು’ ಎನ್ನುವುದು ಹೇಗೆ?

ಕೆಡುಕೇ ಇಲ್ಲವೆಂದಲ್ಲ. 2006ರಲ್ಲಿ ಬೌಮ್‌ಗಾರ್ಟ್ನರ್ ಮತ್ತು ಮಾರಿಸ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಡೈಲಿ ಶೋ ತುಣುಕು ನೋಡಿದವರಲ್ಲಿ ವ್ಯವಸ್ಥೆಯ ಬಗ್ಗೆ, ಮಾಧ್ಯಮದ ಬಗ್ಗೆ ಸಿನಿಕತನ ಹೆಚ್ಚಿತ್ತು. ಅದೇ ಹೊತ್ತಿಗೆ, ರಾಜಕೀಯ ನನಗೆ ಅರ್ಥವಾಗುತ್ತದೆ ಎಂಬ ವಿಶ್ವಾಸವೂ ಹೆಚ್ಚಿತ್ತು. ಬಹುತೇಕ ವರದಿಗಳಿಗೆ ಮೊದಲರ್ಧವೇ ಸಾಕಾಯಿತು.

ಹೊಗಳಿಕೆಯೂ ಲೇಬಲ್ಲೇ

ಇನ್ನೊಂದು ಬಗೆಯ ಪಡಿಯಚ್ಚಿದೆ, ಅದು ಉದಾರವಾದಿ ಮಾಧ್ಯಮಗಳಿಗೆ ಪ್ರಿಯವಾದದ್ದು. ವಿಡಂಬನೆ ನೋಡುವವರು ಜಾಣರು, ಬಲಪಂಥೀಯರಿಗೆ ಜೋಕು ಅರ್ಥವಾಗುವುದಿಲ್ಲ ಎಂಬುದು. 2009ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 332 ಜನರಿಗೆ ಕೋಲ್ಬರ್ಟ್ ವಿಡಿಯೋ ತೋರಿಸಿದರು. ಕೋಲ್ಬರ್ಟ್ ಆಗ ಬಲಪಂಥೀಯ ನಿರೂಪಕನ ವೇಷ ಹಾಕಿ ಅವರನ್ನೇ ಅಣಕಿಸುತ್ತಿದ್ದರು. ಅದು ಬರೀ ತಮಾಷೆಯ ಸೋಗು, ಒಳಗೊಳಗೆ ಆತ ಹೇಳುವುದನ್ನೇ ನಂಬುತ್ತಾನೆ ಎಂದು ಅನೇಕ ಸಂಪ್ರದಾಯವಾದಿಗಳು ತಿಳಿದಿದ್ದರು. ‘ಅವರಿಗೆ ಜೋಕೇ ತಿಳಿಯಲಿಲ್ಲ’ ಎಂದು ಅಂತರ್ಜಾಲ ಸಂಭ್ರಮಿಸಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿತ್ತು. ಕೋಲ್ಬರ್ಟ್ ಎಷ್ಟು ತಮಾಷೆ ಎಂಬ ವಿಷಯದಲ್ಲಿ ಎಡ ಬಲದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇಬ್ಬರೂ ನಗುತ್ತಿದ್ದರು. ತಮ್ಮವನೇ ಎಂದುಕೊಂಡು ಇಬ್ಬರೂ ನಗುತ್ತಿದ್ದರು.

ಖಾರ್‌ನಿಂದ ಮಾಟುಂಗಾಕ್ಕೆ

ನಮ್ಮಲ್ಲಿ ‘ಎಲೀಟ್’ ಎಂಬ ಪದದ ಬಳಕೆ ಇನ್ನೂ ವಿಚಿತ್ರ. ಖಾರ್‌ನ ಸಭಾಂಗಣಕ್ಕೆ ಟಿಕೆಟ್ ಕೊಂಡು ಹೋಗುವವರ ಕೈಯಲ್ಲಿ ಸ್ವಲ್ಪ ದುಡ್ಡಿರುತ್ತದೆ, ಒಪ್ಪೋಣ. ಆದರೆ ವಿಡಿಯೋವನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆಯಾಗಿ ನೋಡಿದ್ದು ಲಕ್ಷಾಂತರ ಮಂದಿ, ಅದೂ ಹಿಂದಿಯಲ್ಲಿ. 1989ರಲ್ಲಿ ಜಸ್ಪಾಲ್ ಭಟ್ಟಿ ‘ಫ್ಲಾಪ್ ಶೋ’ದಲ್ಲಿ ಸರ್ಕಾರಿ ಕಚೇರಿಗಳನ್ನು ಗೇಲಿ ಮಾಡಿದ್ದು ಸರ್ಕಾರದ್ದೇ ದೂರದರ್ಶನದಲ್ಲಿ. ಟಿ.ವಿ. ಇದ್ದ ಮನೆಯವರು, ಅಕ್ಕಪಕ್ಕದವರು ಎಲ್ಲ ಕುಳಿತು ನೋಡಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕನ್ನಡದ ‘ಕೊರವಂಜಿ’ಗೆ ಚಿತ್ರ ಬರೆದು, ಆಮೇಲೆ ಮುಂಬೈನಲ್ಲಿ ದಶಕಗಳ ಕಾಲ ಸಚಿವರನ್ನು ಕುಟುಕಿದರು. ಬೆಳಗಿನ ಲೋಕಲ್‌ನಲ್ಲಿ ಅದನ್ನು ನೋಡಿ ಮುಗುಳ್ನಕ್ಕ ಗುಮಾಸ್ತ ಯಾವ ಎಲೀಟ್?

ಖಾರ್ ರೋಡ್‌ನಿಂದ ಮಾಟುಂಗಾ ರೋಡ್‌ಗೆ ಮೂರನೇ ಸ್ಟೇಷನ್. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ತಂಡಗಳು ಮುಂಬೈಗೆ ಬರುತ್ತವೆ. ಪುರಾಣದ ಪ್ರಸಂಗದ ನಡುವೆಯೇ ಹಾಸ್ಯಗಾರ ಇವತ್ತಿನ ರಸ್ತೆ ಗುಂಡಿ, ಪಕ್ಷಾಂತರ, ಓಟಿನ ಕಾಸನ್ನೆಲ್ಲ ತಂದು ಸೇರಿಸುತ್ತಾನೆ. ಹೋಟೆಲ್ ಕೆಲಸ ಮುಗಿಸಿ ಬಂದವರು, ಅವರ ಮಾಲೀಕರು, ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು ಎಲ್ಲರೂ ನಗುತ್ತಾರೆ. ಅವರನ್ನು ಯಾವ ಚಾನೆಲ್ಲೂ ‘ರಾಜಕೀಯ ವಿಡಂಬನೆಯ ಪ್ರೇಕ್ಷಕರು’ ಎಂದು ಕರೆದಿಲ್ಲ.

ಪ್ರೇಕ್ಷಕರು ಇಂಥವರೇ ಎಂದು ಷರಾ ಬರೆದುಬಿಟ್ಟರೆ, ಜೋಕಿನಲ್ಲಿ ಎತ್ತಿದ ಪ್ರಶ್ನೆಗೆ ಉತ್ತರಿಸುವ ಕೆಲಸ ತಪ್ಪುತ್ತದೆ. ಒರೈಲಿಗೂ ಆ ಅನುಕೂಲ ಬೇಕಿತ್ತು, 2025ರ ಮಾರ್ಚ್‌ನ ನಮ್ಮ ಚರ್ಚೆಗಳಿಗೂ ಬೇಕಿತ್ತು. ನಕ್ಕವರನ್ನು ಠಾಣೆಗೆ ಕರೆಸಿದರಂತೆ ಎಂಬ ಸುದ್ದಿ ಬಂದಾಗ, ಅವರು ಯಾರೋ ಬೇರೆಯವರು ಎಂದು ನಾವು ಪುಟ ತಿರುಗಿಸಿದ್ದು ಕೂಡ ಅದೇ ಅನುಕೂಲದಿಂದ. ಆ ಬ್ಯಾಂಕ್ ಉದ್ಯೋಗಿ ವೇದಿಕೆ ಹತ್ತಿರಲಿಲ್ಲ, ಹಾಡಿರಲಿಲ್ಲ. ಅವರು ಟಿಕೆಟ್ ಕೊಂಡಿದ್ದರು, ಅಷ್ಟೇ.