ವಿಶ್ವನಾಥ್ ಬಿಡಿ, ಶಾಂತಾ ಆಡಿದ್ದರೆ?

ಮಾರ್ಚ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುವುದು. ಇನ್ನೊಂದು, ಹಿಂದಿನ ರಾತ್ರಿಯ ಐಪಿಎಲ್ ಪಂದ್ಯವನ್ನು ತಿದ್ದುವುದು. ಮೊದಲನೆಯದು ನಾವು ಹೆಂಗಸರ ಪಾಲಿಗೆ, ಎರಡನೆಯದು ಗಂಡಸರ ಪಾಲಿಗೆ ಎಂದು ಯಾರೂ ಹೇಳಿಲ್ಲ. ಆದರೂ ಹಾಗೇ ನಡೆದುಕೊಂಡು ಬಂದಿದೆ.

ಪಂದ್ಯದ ಮಾತು ಮುಗಿಯುತ್ತ ಬಂದಾಗ ಯಾರಾದರೊಬ್ಬರು ಆ ಹಳೆಯ ಪ್ರಶ್ನೆಯನ್ನು ಎತ್ತುತ್ತಾರೆ. ‘ನಮ್ಮ ಭದ್ರಾವತಿ ವಿಶ್ವನಾಥ್ ಈಗಿನ ಇಪ್ಪತ್ತು ಓವರಿನ ಆಟ ಆಡಿದ್ದಿದ್ರೆ?’ ಚೌಳಹಿರಿಯೂರಿನ ಕಡೆಯ ನಮಗೆ ತರೀಕೆರೆ ದಾಟಿದರೆ ಭದ್ರಾವತಿ, ಆದ್ದರಿಂದ ವಿಶ್ವನಾಥ್ ನಮ್ಮವರೇ. ಈ ವರ್ಷವೂ ಪ್ರಶ್ನೆ ಎದ್ದಿತು. ನಮ್ಮ ಗಣಿತದ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು ತೀರ್ಪು ಕೊಟ್ಟೇಬಿಟ್ಟರು. ‘ಇಪ್ಪತ್ತೈದು ಒನ್ ಡೇ ಪಂದ್ಯ, ನಾನೂರ ಮೂವತ್ತೊಂಬತ್ತು ರನ್. ಸರಾಸರಿ ಇಪ್ಪತ್ತೂ ಇಲ್ಲ. ಹರಾಜಿನಲ್ಲಿ ಕೇಳೋರೇ ಇರ್ತಿರ್ಲಿಲ್ಲ ಬಿಡಿ.’

ನನಗೆ ಸುಮ್ಮನಿರಲಾಗಲಿಲ್ಲ. ಲೆಕ್ಕ ಸರಿ, ಪ್ರಶ್ನೆಪತ್ರಿಕೆಯೇ ತಪ್ಪು. ವಿಶ್ವನಾಥ್ ಒನ್ ಡೇ ಆಡಿದ್ದು 1974ರಿಂದ 1982ರವರೆಗೆ. ಎಂಟು ವರ್ಷದಲ್ಲಿ ಇಪ್ಪತ್ತೈದು ಪಂದ್ಯ. ಆ ಆಟವೇ ನಮ್ಮವರಿಗೆ ಹೊಸದು, ವರ್ಲ್ಡ್ ಕಪ್ಪಿನಲ್ಲಿ ಅರವತ್ತು ಓವರ್ ಇರುತ್ತಿದ್ದ ಕಾಲ. ವರ್ಷಕ್ಕೆ ಮೂರು ದಿನ ತರಗತಿ ನಡೆಸಿ, ಆ ವಿಷಯದಲ್ಲಿ ಹುಡುಗ ದಡ್ಡ ಎಂದು ಷರಾ ಬರೆಯುವುದು ಯಾವ ನ್ಯಾಯ? ಆ ಮನುಷ್ಯನನ್ನು ಈ ಕಾಲಕ್ಕೆ ಕರೆತರುವುದಾದರೆ ಈ ಕಾಲದ ದಪ್ಪ ಬ್ಯಾಟು, ಹೆಲ್ಮೆಟ್ಟು, ಒಳಕ್ಕೆ ಎಳೆದ ಬೌಂಡರಿ ಹಗ್ಗ, ಬೆಳಗಿನಿಂದ ಸಂಜೆಯವರೆಗೆ ಕಲಿಸುವ ಕೋಚುಗಳು, ಎಲ್ಲವನ್ನೂ ಕೊಡಬೇಕು. ಇಲ್ಲವಾದರೆ ಇಂದಿನ ಕೋಟಿಯ ಹುಡುಗರನ್ನು 1975ರ ಜನವರಿಗೆ, ಮದರಾಸಿನ ಚೆಪಾಕ್ ಮೈದಾನಕ್ಕೆ, ಹೆಲ್ಮೆಟ್ ಇಲ್ಲದೆ ಕಳಿಸಬೇಕು. ಅಂದು ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಿದ್ದರು. ಇಡೀ ತಂಡ ಹೊಡೆದದ್ದು 190, ಅದರಲ್ಲಿ ವಿಶ್ವನಾಥರದು ಔಟಾಗದೆ 97. ಕೊನೆಯ ಜೊತೆಗಾರನಾಗಿ ಬಂದ ನಮ್ಮ ಚಂದ್ರಶೇಖರ್ ಔಟಾಗದಿದ್ದರೆ ಆ ಮೂರು ರನ್ ಬರುತ್ತಿತ್ತೋ ಏನೋ. ಆ ಪಂದ್ಯವನ್ನು ಭಾರತ ನೂರು ರನ್ನುಗಳಿಂದ ಗೆದ್ದಿತು.

ನನ್ನ ಅಭಿಪ್ರಾಯ ಕೇಳಿದರೆ, ಇಪ್ಪತ್ತು ಓವರಿನಲ್ಲೂ ವಿಶ್ವನಾಥ್ ಚೆನ್ನಾಗಿಯೇ ಆಡುತ್ತಿದ್ದರು. ಮೊದಲ ಆರು ಓವರಿನಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಗೆರೆಯ ಒಳಗೇ ನಿಲ್ಲಬೇಕೆಂಬ ನಿಯಮವಿದೆ. ಚೆಂಡನ್ನು ಕೊನೆಯ ಗಳಿಗೆಯವರೆಗೆ ಕಾದು, ಮಣಿಕಟ್ಟು ತಿರುಗಿಸಿ ಸ್ಕ್ವೇರ್ ಕಟ್ ಮಾಡುವ ಮನುಷ್ಯನಿಗೆ ಅದಕ್ಕಿಂತ ಇನ್ನೇನು ಬೇಕು? ಅವರು ಸಿಕ್ಸರ್ ಎತ್ತುವ ಭೀಮರಲ್ಲ, ಒಪ್ಪುತ್ತೇನೆ. ಕೊನೆಯ ಮೂರು ಓವರಿಗೆ ಬೇರೆಯವರನ್ನು ಇಟ್ಟುಕೊಳ್ಳಿ. ಎಲ್ಲರೂ ಒಗ್ಗರಣೆ ಹಾಕುವವರೇ ಆದರೆ ಬೇಳೆ ಬೇಯಿಸುವವರು ಯಾರು?

ಇಷ್ಟು ಹೇಳಿದ್ದಕ್ಕೆ ಸ್ಟಾಫ್ ರೂಮಿನಲ್ಲಿ ನನಗೆ ಒಳ್ಳೆಯ ಹೆಸರು ಬಂತು. ‘ಪರವಾಗಿಲ್ಲ, ಮೇಡಂಗೂ ಕ್ರಿಕೆಟ್ ಗೊತ್ತು’ ಎಂದರು. ಆ ‘ಮೇಡಂಗೂ’ ಎನ್ನುವ ಮಾತಿನ ಕೊನೆಯ ದೀರ್ಘವೇ ನಾನು ಈ ಪ್ರಬಂಧ ಬರೆಯಲು ಕಾರಣ.

ಇಷ್ಟು ವರ್ಷದ ನೌಕರಿಯಲ್ಲಿ ವಿಶ್ವನಾಥ್ ಆಡಿದ್ದರೆ, ಗಾವಸ್ಕರ್ ಆಡಿದ್ದರೆ, ಪ್ರಸನ್ನ ಬೌಲ್ ಮಾಡಿದ್ದರೆ ಎಂಬ ಚರ್ಚೆ ಕೇಳಿ ಕೇಳಿ ಸಾಕಾಗಿದೆ. ‘ಶಾಂತಾ ರಂಗಸ್ವಾಮಿ ಆಡಿದ್ದರೆ?’ ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಾಣೆ. ಅಂದು ನಾನೇ ಕೇಳಿದೆ. ‘ಅವರು ಯಾರು?’ ಎಂದರು ಗಣಿತದ ಮೇಷ್ಟ್ರು. ಅವರನ್ನು ದೂರುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

ಶಾಂತಾ ರಂಗಸ್ವಾಮಿ ನಮ್ಮ ಕರ್ನಾಟಕದ ಪರ ಆಡಿದವರು. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದಾಗ ನಾಯಕಿ ಅವರೇ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು ಬಂದಾಗಲೂ ಅವರೇ. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 108 ಹೊಡೆದರು. ಭಾರತದ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕ ಅದು. ಬ್ಯಾಟಿಂಗ್ ಅಲ್ಲದೆ ಮಧ್ಯಮ ವೇಗದ ಬೌಲಿಂಗೂ ಇತ್ತು. ಇಪ್ಪತ್ತು ಓವರಿನ ಆಟಕ್ಕೆ ಇಂಥ ಆಲ್‌ರೌಂಡರ್ ಅಲ್ಲವೆ ಬೇಕಾದ್ದು?

ಈಗ ಲೆಕ್ಕ ನೋಡಿ. ವಿಶ್ವನಾಥ್ ಆಡಿದ್ದು 91 ಟೆಸ್ಟ್. ಶಾಂತಾ 1976ರಿಂದ 1991ರವರೆಗೆ ಹದಿನೈದು ವರ್ಷದಲ್ಲಿ ಆಡಿದ್ದು 16 ಟೆಸ್ಟ್, 19 ಒನ್ ಡೇ. 1977ರ ಜನವರಿ ಕಳೆದ ಮೇಲೆ ಭಾರತದ ಮಹಿಳೆಯರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 1984ರಲ್ಲಿ! ಇಪ್ಪತ್ತಮೂರರ ಶಾಂತಾ ಮೂವತ್ತಾಗುವವರೆಗೆ ಕಾದರು. ಆಟಗಾರರಿಗೆ ಕೈ ಕುದುರುವ ವಯಸ್ಸೇ ಅದು. ಆಗಿನ ಹುಡುಗಿಯರು ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಪ್ರಯಾಣ ಮಾಡಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದವರು. ಕ್ರಿಕೆಟ್ ಬೋರ್ಡು ಮಹಿಳೆಯರ ಆಟವನ್ನು ತನ್ನ ಮಡಿಲಿಗೆ ತೆಗೆದುಕೊಂಡದ್ದು 2006ರಲ್ಲಿ. ಗಂಡಸರಷ್ಟೇ ಪಂದ್ಯದ ಸಂಭಾವನೆ ಕೊಡುತ್ತೇವೆಂದದ್ದು 2022ರಲ್ಲಿ. ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾದದ್ದು 2023ರಲ್ಲಿ.

ಆದ್ದರಿಂದ ನಾನು ಹೇಳುವುದಿಷ್ಟೆ. ‘ವಿಶ್ವನಾಥ್ ಈಗ ಆಡಿದ್ದರೆ’ ಎಂಬುದು ಕಾಫಿ ಕುಡಿಯುತ್ತ ಆಡುವ ಮಾತು. ಅವರಿಗೆ ಸಲ್ಲಬೇಕಾದದ್ದು ಅವರ ಕಾಲದಲ್ಲೇ ಬಹುಮಟ್ಟಿಗೆ ಸಂದಿದೆ. ‘ಶಾಂತಾ ಈಗ ಆಡಿದ್ದರೆ’ ಎಂಬುದು ಬಾಕಿಯ ಲೆಕ್ಕ. ಒಬ್ಬರು ಆಡಿ ಮುಗಿಸಿದವರು, ಇನ್ನೊಬ್ಬರು ಆಡಲು ಬಿಡದೇ ಹೋದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

‘ಹೆಂಗಸರು ಈಗೀಗ ಆಡ್ತಿದಾರೆ ಮೇಡಂ, ಸ್ವಲ್ಪ ಟೈಮ್ ಕೊಡಿ’ ಎಂದರು ಸಮಾಜ ವಿಜ್ಞಾನದ ಮೇಷ್ಟ್ರು. ಈಗೀಗ ಎಂದರೇನು? ಮೊದಲ ವರ್ಲ್ಡ್ ಕಪ್ ಆಡಿದ್ದು ಮಹಿಳೆಯರು, 1973ರಲ್ಲಿ. ಗಂಡಸರದು ಶುರುವಾದದ್ದು 1975ರಲ್ಲಿ. ಇವರು ಇಷ್ಟು ಹಚ್ಚಿಕೊಂಡಿರುವ ಇಪ್ಪತ್ತು ಓವರಿನ ಆಟದಲ್ಲೂ ಮೊದಲ ಅಂತರರಾಷ್ಟ್ರೀಯ ಪಂದ್ಯ ಮಹಿಳೆಯರದೇ. 2004ರ ಆಗಸ್ಟಿನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಮಹಿಳೆಯರು ಆಡಿದರು, ಗಂಡಸರು ಆಡಿದ್ದು ಮರುವರ್ಷ. ಅಡುಗೆ ನಮ್ಮದು, ಎಲೆ ಮಾತ್ರ ಕೊನೆಯ ಪಂಕ್ತಿಯಲ್ಲಿ!

ಬೋರ್ಡಿನವರನ್ನು, ಮೇಷ್ಟ್ರುಗಳನ್ನು ಬೈದು ಮುಗಿಸಿದರೆ ನಾನು ಸುಳ್ಳಿಯಾಗುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದೆ. ಎಂಟನೇ ತರಗತಿಯ ಒಬ್ಬ ಹುಡುಗಿ ಆಟದ ಪೀರಿಯಡ್ಡಿನಲ್ಲಿ ಹುಡುಗರ ಕೈಯಿಂದ ಬ್ಯಾಟು ಕಿತ್ತುಕೊಂಡು ಆಡುತ್ತಿದ್ದಳು. ಲಂಗ ಎತ್ತಿ ಕಟ್ಟಿ ಹೊಡೆದರೆ ಚೆಂಡು ಕಾಂಪೌಂಡಿನಾಚೆಯ ತೆಂಗಿನ ತೋಟಕ್ಕೆ ಹೋಗುತ್ತಿತ್ತು. ಒಂದು ದಿನ ನಾನೇ ಕರೆದು, ‘ಹುಡುಗರ ಜೊತೆ ಎಂಥದೇ ನಿಂದು? ಹೋಗು, ಥ್ರೋಬಾಲ್ ಆಡು. ನಾಳೆ ಫಂಕ್ಷನ್ ಇದೆ, ರಂಗೋಲಿ ಹಾಕೋಕೆ ಜನ ಬೇಕು’ ಎಂದೆ. ‘ಒಂದೇ ಓವರ್ ಮಿಸ್’ ಎಂದು ಬೇಡಿಕೊಂಡಳು. ಕೊಡಲಿಲ್ಲ. ಮತ್ತೆ ಅವಳು ಬ್ಯಾಟು ಮುಟ್ಟಿದ್ದನ್ನು ನಾನು ನೋಡಲಿಲ್ಲ.

2017ರ ಜುಲೈಯಲ್ಲಿ ಟಿ.ವಿ. ಮುಂದೆ ಕೂತಿದ್ದೆ. ವರ್ಲ್ಡ್ ಕಪ್, ನ್ಯೂಜಿಲೆಂಡ್ ಎದುರು ಗೆಲ್ಲಲೇಬೇಕಾದ ಪಂದ್ಯ. ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಹೊಡೆದಳು. ವೇದಾ ಹುಟ್ಟಿದ್ದು ಎಲ್ಲಿ ಅಂದುಕೊಂಡಿರಿ? ನಮ್ಮ ಕಡೂರಿನಲ್ಲಿ! ಮನೆಯವರೆಲ್ಲ ಚಪ್ಪಾಳೆ ಹೊಡೆದರು. ನನಗೆ ಚಪ್ಪಾಳೆ ಹೊಡೆಯಲು ಕೈ ಬರಲಿಲ್ಲ. ಆ ಹುಡುಗಿ ವೇದಾ ಆಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಆಗುತ್ತಿದ್ದಳೋ ಇಲ್ಲವೋ ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ. ವೇದಾಳ ಸುತ್ತಲಿನವರು ಮುಚ್ಚಲಿಲ್ಲ, ಅಷ್ಟೇ ವ್ಯತ್ಯಾಸ.

2025ರ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ವರ್ಲ್ಡ್ ಕಪ್ ಗೆದ್ದಾಗ ಊರೂರಲ್ಲಿ ಪಟಾಕಿ ಹೊಡೆದರು. ಸಂತೋಷ. ಆದರೆ ಮರುದಿನ ನಿಮ್ಮೂರಿನ ಶಾಲೆಯ ಮೈದಾನದಲ್ಲಿ ಬ್ಯಾಟು ಯಾರ ಕೈಯಲ್ಲಿತ್ತು, ಹುಡುಗಿಯರು ಎಲ್ಲಿ ನಿಂತಿದ್ದರು? ತಾಯಂದಿರೇ, ಟೀಚರುಗಳೇ, ಒಮ್ಮೆ ಹೋಗಿ ನೋಡಿ ಬನ್ನಿ.

ಪೇಪರ್ ತಿದ್ದಿ ಮುಗಿದ ದಿನ ಮುಂದಿನ ವರ್ಷಕ್ಕೆ ಬೇಕಾದ ಆಟದ ಸಾಮಾನಿನ ಪಟ್ಟಿ ನನ್ನ ಮುಂದೆ ಬಂತು. ಹುಡುಗಿಯರಿಗೆ ಎಂಬ ಕಡೆ ಥ್ರೋಬಾಲ್ ಎರಡು, ಸ್ಕಿಪ್ಪಿಂಗ್ ಹಗ್ಗ ಹತ್ತು ಎಂದಿತ್ತು. ಅದರ ಕೆಳಗೆ ನಾನು ಬ್ಯಾಟು ಎರಡು, ಚೆಂಡು ಆರು ಎಂದು ಸೇರಿಸಿದೆ. ‘ಯಾರು ಆಡ್ತಾರೆ ಮೇಡಂ?’ ಎಂದರು ಪಿ.ಟಿ. ಮೇಷ್ಟ್ರು. ‘ಮೊದಲು ತರಿಸಿ ಮೇಷ್ಟ್ರೇ, ಆಮೇಲೆ ಎಣಿಸೋಣ’ ಎಂದೆ.