ಎರಡು ಫೋಟೋದ ನಡುವಿನ ಕೂಲಿ

ಕೆಲಸದ ಜಾಗದಲ್ಲಿ ಮನುಷ್ಯನಿಗೂ ಕಂಪ್ಯೂಟರಿಗೂ ಇರುವ ಸಂಬಂಧದ ಮೇಲೆ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯುತ್ತದೆ. ಪುಸ್ತಕ ಬರುತ್ತವೆ, ಸಮ್ಮೇಳನ ನಡೆಯುತ್ತವೆ. ಆ ಸಂಶೋಧನೆಯ 'ಮನುಷ್ಯ' ಯಾರು ಸ್ವಾಮಿ? ಬಹುಪಾಲು ಕುರ್ಚಿ ಮೇಲೆ ಕುಂತವನು. ಆಫೀಸಿನ ಗುಮಾಸ್ತ, ಆಸ್ಪತ್ರೆಯ ನರ್ಸು, ಬ್ಯಾಂಕಿನ ಕ್ಯಾಷಿಯರ್. ಗುದ್ದಲಿ ಹಿಡಿದು ಕೆರೆಯ ಹೂಳು ಎತ್ತುವ ಹೆಣ್ಣುಮಗಳ ತಲೆ ಮೇಲೂ ಒಂದು ಕಂಪ್ಯೂಟರ್ ಕುಂತದ ಅನ್ನುವುದು ಎಷ್ಟು ಪಂಡಿತರಿಗೆ ಗೊತ್ತು? ಗೊತ್ತಿಲ್ಲದವರಿಗೆ ಜಾಲಹಳ್ಳಿ ಕಡೆಯಿಂದ ನಾವು ಹೇಳುತ್ತೇವೆ, ಕೇಳಿರಿ.

ಕರ್ನಾಟಕದಲ್ಲಿ ಜಾಲಹಳ್ಳಿ ಒಂದೇ ಅಲ್ಲ. ಬೆಂಗಳೂರಿನ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಬಂತು. ನಮ್ಮದು ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಜಾಲಹಳ್ಳಿ. ಇಲ್ಲಿಗೆ ಬಂದದ್ದು ಬರ, ಇಲ್ಲಿಂದ ಹೋದದ್ದು ಗುಳೆ. ಹೆಸರಿನಲ್ಲೇ ಜಾಲ ಇಟ್ಟುಕೊಂಡ ಊರ ಸುತ್ತ, ಅಡವಿಯ ಕೆಲಸದ ಜಾಗದಾಗ ಬಳ್ಳಾರಿ ಜಾಲಿ ಸಿಗುತ್ತದೆ, ಅಂತರ್ಜಾಲ ಸಿಗುವುದಿಲ್ಲ.

ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ಅದರೊಳಗೆ ರಾಯಚೂರೂ ಇತ್ತು. ಗೌಡನ ಅಂಗಳದಲ್ಲಿ ಕೈಕಟ್ಟಿ ನಿಲ್ಲದೆ, ಅರ್ಜಿ ಕೊಟ್ಟು ಕೆಲಸ ಕೇಳುವ ಹಕ್ಕು ನಮ್ಮ ಕೇರಿಗೆ ಬಂತು. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಇದು ಸಣ್ಣ ಮಾತಲ್ಲ. ಈ ಹಕ್ಕಿನ ಮೇಲೆ 2021ರಲ್ಲಿ ಒಂದು ಆ್ಯಪ್ ತಂದು ಕೂಡಿಸಿದರು. ಹೆಸರು ಎನ್‌ಎಂಎಂಎಸ್. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು, ಉಳಿದ ಎಲ್ಲಾ ಕೆಲಸದ ಜಾಗಕ್ಕೂ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ತೆಗೆದು ಏರಿಸಬೇಕು: ಒಂದು ಮುಂಜಾನೆ, ಇನ್ನೊಂದು ಮಧ್ಯಾಹ್ನದ ಮೇಲೆ. ಫೋಟೋದ ಜೊತೆಗೆ ಜಾಗ ಮತ್ತು ಹೊತ್ತಿನ ಗುರುತೂ ಹೋಗುತ್ತದೆ. ಫೋಟೋ ಏರದಿದ್ದರೆ ಹಾಜರಿ ಇಲ್ಲ. ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ.

ಈಗ ರಾಯಚೂರಿನ ಏಪ್ರಿಲ್ ತಿಂಗಳನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲೇ ರೊಟ್ಟಿ ತಟ್ಟಿ, ಬುತ್ತಿ ಕಟ್ಟಿಕೊಂಡು, ಹೊತ್ತು ಏರುವುದರೊಳಗೆ ಕೆಲಸಕ್ಕೆ ಇಳಿಯುತ್ತಾರೆ. ಖಾತ್ರಿ ಕೆಲಸದ ಕೂಲಿ ಗಡಿಯಾರದ ಲೆಕ್ಕದ್ದಲ್ಲ, ಅಳತೆಯ ಲೆಕ್ಕದ್ದು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಮಣ್ಣು ತೆಗೆದರೆ ಒಂದು ದಿನದ ಕೂಲಿ. ಎಂಜಿನಿಯರ್ ಬಂದು ಟೇಪು ಹಿಡಿದು ಅಳೆಯುತ್ತಾನೆ. ಅಳತೆ ಕಡಿಮೆ ಬಿದ್ದರೆ ಕೂಲಿಯೂ ಕಡಿಮೆ. ಆದ್ದರಿಂದ ನಮ್ಮವರು ಅಗೆಯುವವರು, ತುಂಬುವವರು, ಹೊರುವವರು ಅಂತ ಜೋಡಿ ಮಾಡಿಕೊಂಡು, ಬಿಸಿಲು ನೆತ್ತಿಗೆ ಬರುವ ಮುಂಚೆ ಅಳತೆ ಮುಗಿಸುತ್ತಿದ್ದರು. ಆಮೇಲೆ ಮನಿ, ನೀರು, ಕೂಸು, ಆಡು-ಕುರಿ. ಇದು ಯಾವ ಐಐಎಂನವರೂ ಕಲಿಸಿದ ವ್ಯವಸ್ಥೆಯಲ್ಲ, ಕೇರಿಯ ಹೆಣ್ಣುಮಕ್ಕಳು ತಾವೇ ಕಟ್ಟಿಕೊಂಡದ್ದು. ಬಿಸಿಲಿನ ವಿಚಾರ ಸರ್ಕಾರಕ್ಕೂ ಗೊತ್ತಿತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತಾ ಬಂದದ್ದು ಅದೇ ಸರ್ಕಾರವೇ ಅಲ್ಲವೆ?

ಆ್ಯಪಿಗೆ ಮಾತ್ರ ಗೊತ್ತಿಲ್ಲ. ಅಳತೆ ಮುಗಿದರೂ ಎರಡನೇ ಫೋಟೋಕ್ಕೆ ಕಾಯಬೇಕು. ನೆರಳಿಲ್ಲದ ಬಯಲಿನಲ್ಲಿ ಕುಂತು ಕಾಯುವುದು, ಇಲ್ಲವೆ ಮನಿಗೆ ಹೋಗಿ ಉರಿ ಬಿಸಿಲಾಗ ಮತ್ತೆ ನಡೆದು ಬರುವುದು. ಒಂದು ಫೋಟೋಕ್ಕೆ! ಅಳತೆಯ ಕೂಲಿಗೆ ಹೊತ್ತಿನ ಹಗ್ಗ ಬಿಗಿದರು. ಎರಡರ ಶಿಕ್ಷೆಯೂ ನಮಗೇ: ಅಳತೆ ಕಡಿಮೆ ಬಿದ್ದರೂ ಕೂಲಿ ಕಟ್, ಫೋಟೋ ತಪ್ಪಿದರೂ ಕೂಲಿ ಕಟ್.

ಇನ್ನು ಕಾಯಕ ಬಂಧುವಿನ ಕಥೆ. ಕೂಲಿಕಾರರ ಗುಂಪಿಗೆ ಮೇಟ್ ಆಗಿ ಫೋಟೋ ತೆಗೆಯುವ ಹೆಣ್ಣುಮಗಳು ಆಕೆ. ಫೋನು ಆಕೆಯದು, ಕರೆನ್ಸಿ ಆಕೆಯದು, ಬೈಗುಳವೂ ಆಕೆಯದು. ಸಿಗ್ನಲ್ ಹುಡುಕುತ್ತಾ ಒಡ್ಡಿನ ಮೇಲೆ, ಗುಡ್ಡದ ಮೇಲೆ ಫೋನು ಎತ್ತಿ ಹಿಡಿದುಕೊಂಡು ತಿರುಗುತ್ತಾಳೆ. ಏರದೆ ಉಳಿದ ಫೋಟೋಕ್ಕೆ ಎದುರುಮನಿ ಮುದುಕಿಗೆ ಉತ್ತರ ಕೊಡಬೇಕಾದವಳೂ ಆಕೆಯೇ.

'ಯವ್ವಾ, ನಾ ಅಗದಿದ್ದು ನೆಲಕ್ಕ ಗೊತ್ತೈತಿ, ನಿನ್ನ ಫೋನಿಗ್ಯಾಕ ಗೊತ್ತಿಲ್ಲ?'

'ಫೋನಿಗೂ ಗೊತ್ತೈತಿ ಚಿಗವ್ವ, ದಿಲ್ಲಿಗೆ ಗೊತ್ತಿಲ್ಲ.'

ತಪ್ಪಿದ ಹಾಜರಿಯನ್ನು ಸರಿ ಮಾಡಿಸುವ ಅಧಿಕಾರ ಇದ್ದದ್ದು ಜಿಲ್ಲೆಯ ಮಟ್ಟದಲ್ಲಿ. ಜಾಲಹಳ್ಳಿಯಿಂದ ದೇವದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ರಾಯಚೂರಿಗೆ ಇನ್ನೊಂದು. 2025-26ರಲ್ಲಿ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ 370ಕ್ಕೆ ರಾಯಚೂರಿನ ಸಾಹೇಬರ ಬಾಗಿಲಿಗೆ ಹೋಗಿ ಒಂದು ದಿನದ ದುಡಿಮೆ ಕಳೆಯುವವರು ಯಾರು? ಹೋಗುವುದಿಲ್ಲ. ಬದಲಿಗೆ ಗಂಟು ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಕಂಪ್ಯೂಟರ್ ಕಂಪನಿಗಳ ಗೋಡೆ ಕಟ್ಟುತ್ತಾರೆ.

'ಖಾತ್ರಿಯಲ್ಲಿ ಕಳ್ಳತನ ಇತ್ತಲ್ಲ, ಅದಕ್ಕೇ ಆ್ಯಪ್' ಅನ್ನುವವರಿದ್ದಾರೆ. ಇತ್ತು. ರಾತ್ರಿ ಜೆಸಿಬಿ ಹಚ್ಚಿ, ಸತ್ತವರ ಹೆಸರಲ್ಲಿ ಮಸ್ಟರ್ ಬರೆದು ಬಿಲ್ ಎತ್ತಿದ ಗುತ್ತಿಗೆದಾರರನ್ನು ನಾವೂ ಕಂಡಿದ್ದೇವೆ. ಆ ಕಳ್ಳರನ್ನು ಆ್ಯಪ್ ಹಿಡಿಯಿತೆ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ರಾಜ್ಯಗಳಿಗೆ ಪತ್ರ ಬರೆಯಿತು: ಸಂಬಂಧವಿಲ್ಲದ ಫೋಟೋ ಏರಿಸುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಏರಿಸುತ್ತಿದ್ದಾರೆ, ಒಬ್ಬರೇ ಹಲವು ಮಸ್ಟರಿನಲ್ಲಿ ಕಾಣುತ್ತಿದ್ದಾರೆ, ಆದ್ದರಿಂದ ಪಂಚಾಯ್ತಿಯಲ್ಲಿ ಪ್ರತಿಯೊಂದು ಫೋಟೋವನ್ನೂ ಮನುಷ್ಯರು ಕಣ್ಣಿಟ್ಟು ಪರೀಕ್ಷಿಸಬೇಕು ಅಂತ. ಮನುಷ್ಯರನ್ನು ನಂಬದೆ ಯಂತ್ರ ತಂದರು, ಯಂತ್ರವನ್ನು ಕಾಯಲಿಕ್ಕೆ ಮತ್ತೆ ಮನುಷ್ಯರನ್ನು ಕೂಡಿಸಿದರು. ಕಳ್ಳನಿಗೆ ದಾರಿ ಗೊತ್ತು. ಸಿಕ್ಕಿಬಿದ್ದದ್ದು ಸಿಗ್ನಲ್ ಸಿಗದ ಮುದುಕಿ.

ಯಂತ್ರಕ್ಕೆ ನಾವು ವೈರಿಗಳಲ್ಲ. ರಾಟಿ ತಿರುಗಿಸುತ್ತಾ ಕೂಡಿರಿ ಅನ್ನುವ ಉಪದೇಶ ನಮಗೆ ಬೇಡ. ಕೇಡು ಯಂತ್ರದ್ದಲ್ಲ, ಅದನ್ನು ಸ್ವಾರ್ಥಕ್ಕೆ ಹೂಡುವ ಸಮಾಜದ ಕಟ್ಟಡದ್ದು ಅಂತ ಬಾಬಾಸಾಹೇಬರು 1945ರಲ್ಲೇ ಗಾಂಧೀವಾದವನ್ನು ಬಿಡಿಸಿಡುತ್ತಾ ಬರೆದರು. ನಮ್ಮ ಪ್ರಶ್ನೆ ಇಷ್ಟೇ: ಈ ಆ್ಯಪ್ ಮಾಡುವ ಮುಂಚೆ ಯಾರಾದರೂ ಒಂದು ವಾರ ನಮ್ಮ ಜೊತೆ ಕೆಲಸದ ಜಾಗದಲ್ಲಿ ಕುಂತಿದ್ದರೆ ಮಧ್ಯಾಹ್ನದ ಫೋಟೋದ ನಿಯಮ ಬರುತ್ತಿತ್ತೆ?

ಹಾಗೆ ಕುಂತು ನೋಡಿದವರು ಜಗತ್ತಿನಲ್ಲಿ ಇದ್ದಾರೆ. ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ನಕಲು ತೆಗೆಯುವ ಯಂತ್ರದ ಮುಂದೆ ಜನ ತಡವರಿಸುವುದನ್ನು ಕಂಡು 1987ರಲ್ಲಿ ಪುಸ್ತಕ ಬರೆದರು. ಜನ ದಡ್ಡರಲ್ಲ, ಯಂತ್ರದೊಳಗೆ ತುಂಬಿದ ಯೋಜನೆಗೂ ನಿಜದ ಕೆಲಸಕ್ಕೂ ತಾಳೆಯಿಲ್ಲ ಎಂದು ತೋರಿಸಿದರು. ಆದರೆ ನಮಗೆ ಇನ್ನೂ ಹತ್ತಿರವಾದದ್ದು ನಾರ್ವೆಯ ಕಥೆ. ಕ್ರಿಸ್ಟನ್ ನೈಗಾರ್ಡ್ ಅಲ್ಲಿಯ ದೊಡ್ಡ ಕಂಪ್ಯೂಟರ್ ವಿಜ್ಞಾನಿ. 1970ರ ದಶಕದ ಮೊದಲಲ್ಲಿ ಆತ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಸೇರಿ ಸಂಶೋಧನೆಗೆ ಇಳಿದ. ವರದಿ ಬರೆದು ಕಪಾಟಿನಲ್ಲಿಟ್ಟರೆ ಅದು ಫಲವಲ್ಲ, ಕಾರ್ಮಿಕರು ಕಾರ್ಖಾನೆಯಲ್ಲಿ ಏನು ಮಾಡಿದರು ಅನ್ನುವುದೇ ಫಲ ಅಂತ ಅವರು ತೀರ್ಮಾನಿಸಿಕೊಂಡರು. 1975ರಲ್ಲಿ ಕಾರ್ಮಿಕರಿಗೂ ಮಾಲೀಕರಿಗೂ ದೇಶಮಟ್ಟದ ಒಪ್ಪಂದವಾಯಿತು. ಕಂಪ್ಯೂಟರ್ ತರುವ ಮುಂಚೆ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಅದನ್ನು ಪ್ರಶ್ನಿಸಲು ಕಾರ್ಮಿಕರು ತಮ್ಮ ಪ್ರತಿನಿಧಿಯನ್ನು ಆರಿಸಬಹುದು. ಬಿಳಿಯ ಕಮ್ಮಾರನಿಗೆ 50 ವರ್ಷದ ಹಿಂದೆ ಸಿಕ್ಕ ಮರ್ಯಾದೆ ದೇವದುರ್ಗದ ಮಾದಿಗರ ಹೆಣ್ಣುಮಗಳಿಗೆ ಯಾಕೆ ಇಲ್ಲ? ಆಕೆಯ ಕೈಯ ಜ್ಞಾನವನ್ನು ಜ್ಞಾನ ಅಂತ ಒಪ್ಪದ ಜಾತಿಯ ಕಣ್ಣೇ ಆ್ಯಪ್ ಬರೆದವರ ಕಣ್ಣಾಗಿರುವುದರಿಂದ.

ಈಗ ಹೊತ್ತು ಕೆಟ್ಟದ್ದು. 2025ರ ಡಿಸೆಂಬರಿನಲ್ಲಿ ಸಂಸತ್ತು ಖಾತ್ರಿ ಕಾಯ್ದೆಯ ಬದಲಿಗೆ 125 ದಿನದ ಹೊಸ ಕಾಯ್ದೆ ಪಾಸು ಮಾಡಿತು. ಬೆರಳು-ಮುಖದ ಗುರುತು, ಮೊಬೈಲ್ ಕಾವಲು, ಕೃತಕ ಬುದ್ಧಿಮತ್ತೆ ಎಲ್ಲಾ ಈ ಸಲ ಕಾನೂನಿನ ಒಳಗೇ ಕುಂತಿವೆ. ಗಿರಣಿಯಂತೆ ಒರಟಾದ ಬೆರಳು, ಬಿಸಿಲಿಗೆ ಕಂದಿದ ಮುಖ. ಇವನ್ನು ಯಾವ ಯಂತ್ರ ಗುರುತಿಸುತ್ತದೆ, ಗುರುತಿಸದಿದ್ದರೆ ಆ ದಿನದ ಕೂಲಿ ಯಾರ ಹೊಣೆ, ಅದನ್ನು ಊರಲ್ಲೇ ಸರಿ ಮಾಡುವವರು ಯಾರು? ಇದಕ್ಕೆ ಲಿಖಿತ ಉತ್ತರ ಬರುವ ತನಕ ನಮ್ಮ ಮುಖ ನಾವು ಒಡ್ಡಬಾರದು.

ಕೇರಿಯಿಂದ ಮೊದಲು ಡಿಗ್ರಿ ಮುಗಿಸಿದವರು ನಾವು. ಕವಿತೆ ಬರೆದುಕೊಂಡು ತಿರುಗುತ್ತಾರೆ ಅಂತ ಊರವರು ನಗುತ್ತಾರೆ, ನಗಲಿ. ನಾವೀಗ ಇನ್ನೂರು ಪುಟದ ನೋಟ್‌ಬುಕ್ ತಂದು ಕಾಯಕ ಬಂಧುಗಳ ಕೈಗೆ ಕೊಡುತ್ತಿದ್ದೇವೆ. ತಾರೀಖು, ಕೆಲಸಕ್ಕೆ ಇಳಿದ ಹೊತ್ತು, ಅಳತೆ ಮುಗಿದ ಹೊತ್ತು, ಸಿಗ್ನಲ್ ಸಿಕ್ಕ ಜಾಗ, ಫೋಟೋ ಏರಿತೋ ಇಲ್ಲವೋ, ಎಷ್ಟು ಜನರ ಕೂಲಿ ಹೋಯಿತು, ಕೇಳಿದರೆ ಏನಂದರು. ಬರೆಯಲಿಕ್ಕೆ ಬರದವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಮಾನ್ವಿ, ಸಿರವಾರ, ಲಿಂಗಸುಗೂರಿನ ಗೆಳೆಯರೂ ಇದೇ ರೀತಿ ಬರೆದಿಟ್ಟು ಪತ್ರಿಕೆಯ ವಿಳಾಸಕ್ಕೆ ಕಳಿಸಿರಿ. ಬಂದದ್ದನ್ನು ಒಂದಕ್ಷರ ತಿದ್ದದೆ ಅಚ್ಚು ಹಾಕಿ, ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇವೆ.